ಕಂಪ್ಯೂಟರಿಗೆ ವಿಕಟಕವಿ ಯಾಕೆ ಅರ್ಥ ಆಗಲಿಲ್ಲ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ್ದು: ಮಕ್ಕಳು, ಪ್ರೋಗ್ರಾಮಿಂಗ್, ಮುಂದಿನ ಕೆಲಸ. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇವತ್ತು ಇದಕ್ಕೇ ಪೂರ್ತಿ ಜಾಗ ಕೊಟ್ಟಿದ್ದೇನೆ. ಹೆಸರು ಹಾಕಬೇಡಿ ಅಂತ ಹಲವರು ಕೇಳಿದ್ದಾರೆ, ಯಾರದ್ದೂ ಹಾಕಿಲ್ಲ.

ಪ್ರಶ್ನೆ: ಮೇಡಂ, ನನ್ನ ಮಗ ಒಂಬತ್ತನೇ ಕ್ಲಾಸು. ಒಂದು ಆನ್‌ಲೈನ್ ಕೋಡಿಂಗ್ ಕಂಪನಿಯವರು ದಿನಾ ಫೋನ್ ಮಾಡುತ್ತಾರೆ. ವರ್ಷದ ಕೋರ್ಸಿಗೆ 48 ಸಾವಿರ, ಕಂತಿನಲ್ಲಿ ಕಟ್ಟಬಹುದು ಅಂತಾರೆ. ಈಗ ಸೇರಿಸದಿದ್ದರೆ ಹುಡುಗ ಹಿಂದೆ ಬೀಳುತ್ತಾನೆ, ಸರ್ಕಾರವೇ ಕೋಡಿಂಗ್ ಕಡ್ಡಾಯ ಮಾಡಿದೆ ಅಂದರು. ಕೊಬ್ಬರಿ ಮಾರಿದ ದುಡ್ಡು ಇದೆ. ಕಟ್ಟಿಬಿಡಲಾ?
(ಒಬ್ಬ ತಂದೆ, ತಿಪಟೂರು)

ಉತ್ತರ: ಕಟ್ಟಬೇಡಿ ಸರ್.

ಅವರು ಹೇಳುವ ಸರ್ಕಾರದ ಮಾತು 2020ರ ರಾಷ್ಟ್ರೀಯ ಶಿಕ್ಷಣ ನೀತಿಯದ್ದು. ಆರರಿಂದ ಎಂಟನೇ ತರಗತಿಯ ಹಂತದಲ್ಲಿ ಮಕ್ಕಳಿಗೆ ಕೋಡಿಂಗ್ ಚಟುವಟಿಕೆ ಪರಿಚಯ ಆಗಲಿ ಅಂತ ಅದರಲ್ಲಿದೆ. ದುಡ್ಡು ಕೊಟ್ಟು ಹೊರಗೆ ಕಲಿಸಿ ಅಂತ ಎಲ್ಲೂ ಇಲ್ಲ. ಆ ವರ್ಷವೇ ಇಂಥ ಕೋರ್ಸುಗಳ ಜಾಹೀರಾತು ಎಷ್ಟು ಅತಿಯಾಯಿತು ಅಂದರೆ, ಜಾಹೀರಾತುಗಳ ಗುಣಮಟ್ಟ ನೋಡುವ ಸಂಸ್ಥೆ ಕೆಲವನ್ನು ವಾಪಸ್ ತೆಗೆಸಬೇಕಾಯಿತು. ಇನ್ನೊಂದು ವಿಷಯ ದಯವಿಟ್ಟು ಗಮನಿಸಿ. ಅವರು 'ಕಂತು' ಅನ್ನುವುದು ಬಹಳ ಸಲ ನಿಮ್ಮ ಹೆಸರಿನಲ್ಲಿ ಬೇರೊಂದು ಹಣಕಾಸು ಸಂಸ್ಥೆ ಕೊಡುವ ಸಾಲ ಆಗಿರುತ್ತದೆ. ಮಗನಿಗೆ ಎರಡು ತಿಂಗಳಲ್ಲಿ ಬೇಜಾರಾಗಿ ಬಿಟ್ಟರೂ ಸಾಲ ಬಿಡುವುದಿಲ್ಲ. ಫೋನಿನಲ್ಲಿ ಓಟಿಪಿ ಹೇಳಿ ಅಂದರೆ ಹೇಳಬೇಡಿ.

ಹುಡುಗನಿಗೆ ಆಸಕ್ತಿ ಇದೆಯಾ ಅಂತ ಮೊದಲು ನೋಡೋಣ. ಸ್ಕ್ರ್ಯಾಚ್ ಅಂತ ಒಂದು ಪ್ರೋಗ್ರಾಮಿಂಗ್ ಭಾಷೆ ಇದೆ, ಅಮೆರಿಕದ ಎಂಐಟಿಯವರು 2007ರಲ್ಲಿ ಮಕ್ಕಳಿಗೆಂದೇ ಬಿಟ್ಟದ್ದು. ಪೂರ್ತಿ ಉಚಿತ. ಟೈಪ್ ಮಾಡುವ ಕೆಲಸ ಇಲ್ಲ, ಬಣ್ಣದ ತುಂಡುಗಳನ್ನು ಜೋಡಿಸುತ್ತಾ ಹೋಗುವುದು. ಒಂಬತ್ತನೇ ಕ್ಲಾಸಿನವನಿಗೆ ಅದು ಮೂರು ವಾರಕ್ಕೆ ಸಾಕಾಗಬಹುದು, ಆಮೇಲೆ ಪೈಥಾನ್ ಅನ್ನುವ, ಟೈಪ್ ಮಾಡಿ ಬರೆಯುವ ಪ್ರೋಗ್ರಾಮಿಂಗ್ ಭಾಷೆಗೆ ಬರಲಿ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಪಾಠಗಳಲ್ಲಿ ಹಲವಕ್ಕೆ ಕನ್ನಡದ ಧ್ವನಿಯೂ ಇದೆ, ಅದೂ ಉಚಿತ. ಎರಡು ತಿಂಗಳು ನೀವು ಹೇಳದೆ ತಾನಾಗಿ ಕೂತನೋ, ಆಗ ಕೊಬ್ಬರಿ ದುಡ್ಡಿನಲ್ಲಿ ಒಂದು ಹಳೇ ಲ್ಯಾಪ್‌ಟಾಪ್ ಕೊಡಿಸಿ. ಕೂರಲಿಲ್ಲವೋ, ಬೈಯಬೇಡಿ. ಅವನಿಗೆ ಬೇರೆ ಏನೋ ಇಷ್ಟ ಇರುತ್ತದೆ.

ಪ್ರಶ್ನೆ: ಮೇಡಂ, ನಾನು ಸರ್ಕಾರಿ ಪ್ರೌಢಶಾಲೆ, ಕನ್ನಡ ಮೀಡಿಯಂ, ಹತ್ತನೇ ತರಗತಿ. ಶಾಲೆಯ ಲ್ಯಾಬ್‌ನಲ್ಲಿ ಪೈಥಾನ್ ಕಲಿತೆ. ಹಿಂದಿನಿಂದ ಓದಿದರೂ ಒಂದೇ ಆಗುವ ಪದ ಹುಡುಕುವ ಪ್ರೋಗ್ರಾಂ ಬರೆದೆ. 'ಕನಕ' ಕೊಟ್ಟರೆ ಹೌದು ಅನ್ನುತ್ತೆ, 'ನಯನ' ಕೊಟ್ಟರೂ ಹೌದು. 'ವಿಕಟಕವಿ' ಕೊಟ್ಟರೆ ಅಲ್ಲ ಅನ್ನುತ್ತೆ! ಸರ್ ಅವರನ್ನು ಕೇಳಿದೆ, ಇಂಗ್ಲಿಷ್ ಪದ ಹಾಕು ಸರಿ ಬರುತ್ತೆ ಅಂದರು. ನನ್ನ ತಪ್ಪೇನು? ಕನ್ನಡ ಮೀಡಿಯಂನವರು ಪ್ರೋಗ್ರಾಮರ್ ಆಗೋಕೆ ಆಗುತ್ತಾ?
(ವಿದ್ಯಾರ್ಥಿನಿ, ಅರಸೀಕೆರೆ ತಾಲ್ಲೂಕು)

ಉತ್ತರ: ಪುಟ್ಟಿ, ನಿನ್ನ ಪತ್ರವನ್ನು ನಾನು ನಾಲ್ಕು ಸಲ ಓದಿದೆ. ಇಷ್ಟು ಒಳ್ಳೆಯ ಪ್ರಶ್ನೆ ಈ ಅಂಕಣಕ್ಕೆ ಬಂದು ಬಹಳ ದಿನ ಆಗಿತ್ತು.

ನಿನ್ನದು ಸಣ್ಣ ತಪ್ಪು, ಆದರೆ ಅದರ ಹಿಂದೆ ದೊಡ್ಡ ವಿಷಯ ಇದೆ. ನಾವು 'ವಿ' ಅನ್ನುವುದನ್ನು ಒಂದು ಅಕ್ಷರ ಅಂತ ಓದುತ್ತೇವೆ. ಕಂಪ್ಯೂಟರ್ ಒಳಗೆ ಅದು ಎರಡು: 'ವ' ಒಂದು, ಗುಡಿಸು ಇನ್ನೊಂದು. ಎಲ್ಲ ಭಾಷೆಗಳ ಅಕ್ಷರಗಳಿಗೂ ಕಂಪ್ಯೂಟರಿಗಾಗಿ ಸಂಖ್ಯೆ ಕೊಡುವ ಯೂನಿಕೋಡ್ ಪದ್ಧತಿಯಲ್ಲಿ ಕನ್ನಡವನ್ನು ಹೀಗೇ ಇಟ್ಟಿದ್ದಾರೆ, ವ್ಯಂಜನಕ್ಕೆ ಒಂದು ಸಂಖ್ಯೆ, ಗುಣಿತದ ಚಿಹ್ನೆಗೆ ಬೇರೆ ಸಂಖ್ಯೆ, ಒತ್ತಕ್ಷರ ಮಾಡಲು ನಡುವೆ ಬರುವ ಹಲಂತಕ್ಕೆ ಮತ್ತೊಂದು. 'ವಿಕಟಕವಿ' ನಮಗೆ ಐದು ಅಕ್ಷರ, ಪೈಥಾನ್‌ಗೆ ಏಳು. ನೀನು ಪದವನ್ನು ತಿರುಗಿಸಿದಾಗ ಅದು ಏಳನ್ನೂ ಒಂದೊಂದಾಗಿ ತಿರುಗಿಸುತ್ತದೆ. ಆಗ ಕೊನೆಯ ಗುಡಿಸು ಎಲ್ಲಕ್ಕಿಂತ ಮುಂದೆ ಬಂದು ಕೂರುತ್ತದೆ, ಅದಕ್ಕೆ ಹಿಡಿದುಕೊಳ್ಳಲು ವ್ಯಂಜನವೇ ಇಲ್ಲ. 'ಮೈಸೂರು' ತಿರುಗಿಸಿ ನೋಡು. 'ರುಸೂಮೈ' ಬರಬೇಕಿತ್ತು. ಬರುವುದು ಏನು ಅಂದರೆ, ಮೊದಲಿಗೆ ಅನಾಥವಾದ ಒಂದು ಕೊಂಬು, ಆಮೇಲೆ 'ರೂಸೈಮ'. ಸ ಅಕ್ಷರದ ದೀರ್ಘ ರ ಅಕ್ಷರಕ್ಕೆ ಹೋಯಿತು, ಮ ಅಕ್ಷರದ ಐತ್ವ ಸ ಅಕ್ಷರಕ್ಕೆ ಹೋಯಿತು, ಮ ಬೋಳಾಯಿತು. 'ಕನಕ', 'ನಯನ' ಸರಿ ಬಂದದ್ದು ಅವುಗಳಲ್ಲಿ ಗುಣಿತವೇ ಇಲ್ಲ ಅಂತ, ಅಷ್ಟೇ.

ಇಂಗ್ಲಿಷ್ ಪದ ಹಾಕಿದರೆ ತೊಂದರೆ ಕಾಣುವುದಿಲ್ಲ, ನಿಮ್ಮ ಸರ್ ಹೇಳಿದ್ದು ನಿಜ. ಆದರೆ ತೊಂದರೆ ಹೋಗುವುದೂ ಇಲ್ಲ, ಅಲ್ವಾ?

ಈಗ ಹೀಗೆ ಮಾಡು. ಪದವನ್ನು ನೇರ ತಿರುಗಿಸಬೇಡ. ಮೊದಲು ಅಕ್ಷರಗಳಾಗಿ ಕತ್ತರಿಸಿ ಒಂದು ಪಟ್ಟಿಯಲ್ಲಿ ಇಡು. ನಿಯಮ ನೀನು ಒಂದನೇ ಕ್ಲಾಸಿನಲ್ಲೇ ಕಲಿತದ್ದು. ಬಂದದ್ದು ಗುಣಿತದ ಚಿಹ್ನೆ, ಅನುಸ್ವಾರ ಅಥವಾ ವಿಸರ್ಗ ಆದರೆ ಹಿಂದಿನದಕ್ಕೆ ಅಂಟಿಸು. ಹಲಂತ ಬಂದರೆ ಹಿಂದಿನದಕ್ಕೆ ಅಂಟಿಸಿ, ಮುಂದೆ ಬರುವ ವ್ಯಂಜನವನ್ನೂ ಅದಕ್ಕೇ ಸೇರಿಸು. ಬೇರೆ ಏನೇ ಬಂದರೂ ಹೊಸ ಅಕ್ಷರ ಶುರು. ಆಮೇಲೆ ಪಟ್ಟಿಯನ್ನು ತಿರುಗಿಸಿ ಹೋಲಿಸು, ವಿಕಟಕವಿ ಪಾಸಾಗುತ್ತಾನೆ. 'ಕನ್ನಡ' ಕೊಟ್ಟರೆ ಮೂರು ಅಕ್ಷರ ಬರಬೇಕು, 'ಸೂರ್ಯ' ಕೊಟ್ಟರೆ ಎರಡು. ಸೂರ್ಯದಲ್ಲಿ ಅರ್ಕಾವತ್ತನ್ನು ನಾವು 'ಯ' ಆದಮೇಲೆ ಬರೆಯುತ್ತೇವೆ, ಕಂಪ್ಯೂಟರ್ ಮಾತ್ರ ಬಾಯಲ್ಲಿ ಹೇಳುವ ಕ್ರಮದಲ್ಲೇ 'ರ'ವನ್ನು ಮೊದಲು ಇಟ್ಟುಕೊಂಡಿರುತ್ತದೆ. ಇಷ್ಟೂ ಸರಿ ಬಂದಮೇಲೆ 'ಸಾಫ್ಟ್‌ವೇರ್' ಕೊಡು. ನಿನ್ನ ನಿಯಮ ಅಲ್ಲಿ ಎಡವಬಹುದು. ಟ್ ಮತ್ತು ವೇ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಕೂತಿದೆ, ವ ಒತ್ತಾಗದ ಹಾಗೆ ತಡೆಯುವುದು ಅದರ ಕೆಲಸ. ಅದನ್ನು ಹೇಗೆ ಸಂಭಾಳಿಸುವುದು ಅಂತ ನಾನು ಹೇಳುವುದಿಲ್ಲ, ನೀನೇ ಹುಡುಕಿ ನನಗೆ ಬರಿ.

ಇನ್ನು ನಿನ್ನ ಎರಡನೇ ಪ್ರಶ್ನೆ. ಆಗುತ್ತೆ. ಪೈಥಾನ್ ತನಗೆಂದು ಕಾಯ್ದಿಟ್ಟುಕೊಂಡಿರುವ ಇಂಗ್ಲಿಷ್ ಪದಗಳು ಬರೀ 35. ವೇರಿಯಬಲ್‌ಗೆ, ಅಂದರೆ ಬೆಲೆ ಇಟ್ಟುಕೊಳ್ಳುವ ಡಬ್ಬಿಗೆ, 'ಹಾಲು', 'ಒಟ್ಟು' ಅಂತ ಕನ್ನಡದಲ್ಲೇ ಹೆಸರಿಟ್ಟರೂ ಅದು ನಡೆಯುತ್ತದೆ, ಮಾಡಿ ನೋಡು. ಕನ್ನಡದ ಧ್ವನಿಗಳ ಲೆಕ್ಕ ಹಾಕಿ ಕೀಲಿಮಣೆ ರೂಪಿಸಿದವರು ಕೆ.ಪಿ. ರಾವ್. ಇವತ್ತು ಸರ್ಕಾರಿ ಕಚೇರಿಗಳಲ್ಲಿ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡುವವರು ಬಳಸುವುದು ಅವರ ವಿನ್ಯಾಸವನ್ನೇ. ಭಾಷೆ ಗೊತ್ತಿದ್ದವರೇ ಮಾಡಬೇಕಾದ ಕೆಲಸ ಇನ್ನೂ ರಾಶಿ ಇದೆ. ಆದರೆ ನಿನಗೆ ಸುಳ್ಳು ಭರವಸೆ ಕೊಡಲಾರೆ. ತಪ್ಪು ಬಂದಾಗ ಪರದೆ ಮೇಲೆ ಬರುವ ಸಂದೇಶ ಇಂಗ್ಲಿಷಿನಲ್ಲೇ ಇರುತ್ತದೆ, ಕೆಲಸದ ಇಂಟರ್‌ವ್ಯೂ ಕೂಡ ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ. ಅದಕ್ಕೆ ಕಂಪ್ಯೂಟರ್ ಬಗ್ಗೆಯೇ ದಿನಕ್ಕೆ ಒಂದು ಪುಟ ಇಂಗ್ಲಿಷ್ ಓದು. ಗೊತ್ತಿಲ್ಲದ ಪದ ಬರೆದಿಟ್ಟುಕೋ. ಎರಡು ವರ್ಷದಲ್ಲಿ ಭಯ ಹೋಗುತ್ತದೆ. ನನ್ನದು ಹಾಗೇ ಹೋಗಿದ್ದು.

ಪ್ರಶ್ನೆ: ನನ್ನ ಹತ್ರ ಲ್ಯಾಪ್‌ಟಾಪ್ ಇಲ್ಲ, ಅಣ್ಣನ ಹಳೇ ಮೊಬೈಲ್ ಇದೆ. ಕೋಡಿಂಗ್ ಕಲೀಬಹುದಾ?
(ಪ್ರಥಮ ಪಿಯು ವಿದ್ಯಾರ್ಥಿ, ಗದಗ)

ಉತ್ತರ: ಶುರು ಮಾಡಬಹುದು. ಆಂಡ್ರಾಯ್ಡ್ ಫೋನಿಗೆ ಪೈಡ್ರಾಯ್ಡ್ ಅಂತ ಆ್ಯಪ್ ಇದೆ, ಇಂಟರ್ನೆಟ್ ಇಲ್ಲದೆಯೂ ಪೈಥಾನ್ ಓಡುತ್ತದೆ. ಮೊದಲ ಮೂರು ನಾಲ್ಕು ತಿಂಗಳಿಗೆ ಬೇಕಾದ್ದೆಲ್ಲ ಅದರಲ್ಲಿ ಆಗುತ್ತದೆ.

ನಾನು 1996ರಲ್ಲಿ ಡಿಪ್ಲೊಮಾ ಓದುವಾಗ ವಾರಕ್ಕೆ ಎರಡು ಗಂಟೆ ಮಾತ್ರ ಲ್ಯಾಬ್, ಅದರಲ್ಲೂ ಒಂದು ಕಂಪ್ಯೂಟರಿಗೆ ಮೂರು ಜನ. ಮಿಕ್ಕ ದಿನ ನೋಟ್‌ಬುಕ್ಕಿನಲ್ಲಿ ಪೆನ್ಸಿಲ್ ಹಿಡಿದು ಪ್ರೋಗ್ರಾಂ ಬರೆಯುತ್ತಿದ್ದೆವು, ಪಕ್ಕದಲ್ಲಿ ಒಂದು ಕೋಷ್ಟಕ ಹಾಕಿ ಪ್ರತಿ ಸಾಲಿಗೂ ಯಾವ ವೇರಿಯಬಲ್‌ನಲ್ಲಿ ಎಷ್ಟಿದೆ ಅಂತ ತುಂಬುತ್ತಾ ಹೋಗುತ್ತಿದ್ದೆವು. ಆಗ ಅದು ಬಡತನ ಅನ್ನಿಸುತ್ತಿತ್ತು. ಇವತ್ತಿಗೂ ನನಗೆ ಕಠಿಣವಾದ ದೋಷ ಸಿಕ್ಕಾಗ ಅದೇ ಕೋಷ್ಟಕ ಹಾಕುತ್ತೇನೆ, ನಮ್ಮ ತಂಡದ ಹೊಸ ಹುಡುಗರಿಗೂ ಹಾಕಿಸುತ್ತೇನೆ. ನೀನೂ ಹಾಕು.

ಸಣ್ಣ ಪರದೆಯಲ್ಲಿ ನೂರು ಸಾಲು ದಾಟಿದರೆ ಕಣ್ಣು ನೋಯುತ್ತದೆ, ಅದು ನಿಜ. ಕಾಲೇಜಿನ ಲ್ಯಾಬ್ ಕೇಳಿ ನೋಡು, ಸಂಜೆ ಅರ್ಧ ಗಂಟೆ ಬಿಡುವ ಮೇಷ್ಟ್ರು ಇರುತ್ತಾರೆ. ಮುಂದೆ ದುಡ್ಡು ಕೂಡಿದಾಗ ಹೊಸದೇ ಬೇಕು ಅಂತ ಹಟ ಬೇಡ. ಕಂಪನಿಗಳಲ್ಲಿ ನಾಲ್ಕೈದು ವರ್ಷ ಬಳಸಿದ ಲ್ಯಾಪ್‌ಟಾಪ್ ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಕಡಿಮೆಗೆ ಸಿಗುತ್ತದೆ. 8 ಜಿಬಿ ರ್‍ಯಾಮ್, ಎಸ್‌ಎಸ್‌ಡಿ ಇದೆಯಾ ಅಂತ ನೋಡು, ಬ್ಯಾಟರಿ ಎಷ್ಟು ಹೊತ್ತು ನಿಲ್ಲುತ್ತೆ ಅಂತ ಅಂಗಡಿಯಲ್ಲೇ ಪರೀಕ್ಷೆ ಮಾಡು. ವಿಂಡೋಸ್ ಬದಲಿಗೆ ಲಿನಕ್ಸ್ ಹಾಕಿಕೋ, ಅದಕ್ಕೆ ದುಡ್ಡಿಲ್ಲ.

ಪ್ರಶ್ನೆ: ಚಾಟ್‌ಜಿಪಿಟಿಗೆ ಹೇಳಿದರೆ ನಿಮಿಷದಲ್ಲಿ ಕೋಡ್ ಬರೆದುಕೊಡುತ್ತೆ. ನಮ್ಮ ಪಕ್ಕದ ಮನೆ ಅಣ್ಣ ಇಂಜಿನಿಯರಿಂಗ್ ಮುಗಿಸಿ ಒಂದೂವರೆ ವರ್ಷ ಆಯ್ತು, ಇನ್ನೂ ಕೆಲಸ ಇಲ್ಲ. ಅಪ್ಪ ಕಂಪ್ಯೂಟರ್ ಸೈನ್ಸ್ ಬೇಡ ಅಂತಿದಾರೆ. ನಾನು ಐದು ವರ್ಷ ಕಲಿತು ಹೊರಗೆ ಬರೋ ಹೊತ್ತಿಗೆ ಏನಿರುತ್ತೆ?
(ದ್ವಿತೀಯ ಪಿಯು, ದಾವಣಗೆರೆ)

ಉತ್ತರ: ನಿನ್ನ ಅಪ್ಪನ ಭಯ ಸುಮ್ನೆ ಬಂದದ್ದಲ್ಲ. 2021-22ರಲ್ಲಿ ದೊಡ್ಡ ಕಂಪನಿಗಳು ಕಾಲೇಜು ಕಾಲೇಜಿಗೆ ಬಂದು ಗುಂಪು ಗುಂಪಾಗಿ ಹುಡುಗರನ್ನು ತೆಗೆದುಕೊಂಡವು. 2023-24ರ ಹೊತ್ತಿಗೆ ಅವೇ ಕಂಪನಿಗಳಲ್ಲಿ ಒಟ್ಟು ನೌಕರರ ಸಂಖ್ಯೆಯೇ ಇಳಿಯಿತು. ಹೊಸಬರಿಗೆ ಕೊಡುವ ಸಂಬಳವೂ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸಿನಲ್ಲೇ ಹತ್ತು ವರ್ಷಕ್ಕಿಂತ ಹೆಚ್ಚು ಕಾಲದಿಂದ ನಿಂತಿದೆ. ಆಗಿನ ಮನೆ ಬಾಡಿಗೆ ಎಷ್ಟು, ಈಗ ಎಷ್ಟು? ಹಾಗಾಗಿ 'ಸಿಎಸ್ ಸೀಟು ಸಿಕ್ಕಿತು, ಜೀವನ ಸೆಟಲ್' ಅನ್ನುವ ಕಾಲ ಮುಗಿದಿದೆ ಅಂತಲೇ ನಾನೂ ನಂಬುತ್ತೇನೆ. ಅದನ್ನು ನಿನ್ನಿಂದ ಮುಚ್ಚಿಡುವುದು ತಪ್ಪು.

ಆದರೆ ಕಲಿಯಬೇಡ ಅಂತ ಹೇಳಲು ನನಗೆ ಕಾರಣ ಕಾಣುತ್ತಿಲ್ಲ. ಯಾಕೆ ಅಂತ ಹೇಳುತ್ತೇನೆ. ಮೇಲೆ ಅರಸೀಕೆರೆಯ ಹುಡುಗಿಯ ಪತ್ರ ಓದು. ಪದ ತಿರುಗಿಸಿ ಹೋಲಿಸುವ ಪ್ರೋಗ್ರಾಂ ಕೊಡು ಅಂತ ಎಐಯನ್ನು ಬರೀ ಅಷ್ಟೇ ಕೇಳಿದರೆ, ಸಾಮಾನ್ಯವಾಗಿ ಅವಳು ಬರೆದ ಅದೇ ಒಂದು ಸಾಲು ಬರುತ್ತದೆ. ನೋಡಲು ಚಂದ, ಇಂಗ್ಲಿಷಿಗೆ ಸರಿ, ಕನ್ನಡಕ್ಕೆ ತಪ್ಪು. ಗುಣಿತಾಕ್ಷರದ ತೊಂದರೆ ಇದೆ ಅಂತ ನೀನು ಹೇಳಿದ ತಕ್ಷಣ ಅದು ಸರಿಯಾದದ್ದನ್ನೂ ಬರೆದುಕೊಡಬಹುದು. ಆದರೆ ತೊಂದರೆ ಇದೆ ಅಂತ ಹೇಳುವವರು ಯಾರು? ವಿಕಟಕವಿ ಅನ್ನುವ ಪದ ಹಾಕಿ ಪರೀಕ್ಷಿಸಬೇಕು ಅಂತ ಹೊಳೆದದ್ದು ಯಾರಿಗೆ? ನಾನು ಇಪ್ಪತ್ತು ವರ್ಷಕ್ಕೂ ಜಾಸ್ತಿ ಈ ಕೆಲಸದಲ್ಲಿದ್ದೇನೆ, ಕೋಡ್ ಟೈಪ್ ಮಾಡಿದ ಗಂಟೆಗಳಿಗಿಂತ 'ಇವರು ಕೇಳುತ್ತಿರುವುದು ಏನು', 'ಇದು ಯಾಕೆ ನಡೆಯುತ್ತಿಲ್ಲ' ಅಂತ ತಲೆ ಕೆರೆದುಕೊಂಡ ಗಂಟೆಗಳೇ ಹೆಚ್ಚು. ಟೈಪ್ ಮಾಡುವುದು ಅಗ್ಗ ಆಗುತ್ತಿದೆ. ಆ ಉಳಿದ ಕೆಲಸ ಅಗ್ಗ ಆಗಿಲ್ಲ.

ಹಾಗಾಗಿ ನೀನು ಎಐ ಬಳಸು, ಮುಟ್ಟಬೇಡ ಅನ್ನುವುದಿಲ್ಲ. ಒಂದೇ ಒಂದು ನಿಯಮ ಇಟ್ಟುಕೋ. ಪ್ರತಿ ಸಾಲು ಯಾಕಿದೆ ಅಂತ ನಿನ್ನ ತಂಗಿಗೆ ಕನ್ನಡದಲ್ಲಿ ವಿವರಿಸಲು ಆಗದ ಕೋಡನ್ನು ನಿನ್ನದು ಅಂತ ಎಲ್ಲೂ ಕೊಡಬೇಡ. ಮೊದಲ ಒಂದು ವರ್ಷ, ಮೊದಲು ನೀನೇ ಬರೆದು, ತಪ್ಪಿ, ಆಮೇಲೆ ಅದನ್ನು ಕೇಳು. ಇವತ್ತು ಇಂಟರ್‌ವ್ಯೂಗೆ ಬರುವ ಎಷ್ಟೋ ಹುಡುಗರ ಪ್ರಾಜೆಕ್ಟ್ ಬಹಳ ಚೆನ್ನಾಗಿರುತ್ತದೆ, 'ಈ ಸಾಲು ತೆಗೆದರೆ ಏನಾಗುತ್ತೆ?' ಅಂತ ಕೇಳಿದರೆ ಮುಖ ನೋಡುತ್ತಾರೆ. ಅವರನ್ನು ವಾಪಸ್ ಕಳಿಸುವಾಗ ನನಗೆ ಬಹಳ ಸಂಕಟ ಆಗುತ್ತದೆ, ಯಾಕೆಂದರೆ ಅವರಲ್ಲಿ ಹಲವರು ಬುದ್ಧಿವಂತರೇ. ತಪ್ಪು ಹುಡುಕುವ ಅಭ್ಯಾಸ ಅವರಿಗೆ ಯಾರೂ ಮಾಡಿಸಲಿಲ್ಲ, ಅಷ್ಟೇ.

ಇನ್ನೊಂದು ಮಾತು. ಪ್ರೋಗ್ರಾಮಿಂಗ್ ಜೊತೆಗೆ ಇನ್ನೊಂದು ವಿಷಯವನ್ನು ಚೆನ್ನಾಗಿ ತಿಳಿದುಕೋ. ಲೆಕ್ಕಪತ್ರ ಇರಲಿ, ಬೇಸಾಯ ಇರಲಿ, ಆಸ್ಪತ್ರೆ ಇರಲಿ. ನಮ್ಮ ರಾಜ್ಯದ ಪಹಣಿಗಳನ್ನು ಭೂಮಿ ಯೋಜನೆಯಲ್ಲಿ ಕಂಪ್ಯೂಟರಿಗೆ ಹತ್ತಿಸಿದಾಗ, ಜಂಟಿ ಖಾತೆ, ಪೋಡಿ, ಪೌತಿ ಅಂದರೆ ಏನು ಅಂತ ಗೊತ್ತಿಲ್ಲದವರು ಎಷ್ಟೇ ಒಳ್ಳೆಯ ಪ್ರೋಗ್ರಾಮರ್ ಆದರೂ ಅಲ್ಲಿ ಉಪಯೋಗ ಇರಲಿಲ್ಲ. ಕೆಲಸ ಎಲ್ಲ ಬೆಂಗಳೂರಿನಲ್ಲೇ ಅನ್ನುವುದೂ ಪೂರ್ತಿ ನಿಜ ಅಲ್ಲ. ಉಡುಪಿಯಲ್ಲಿ ರೋಬೋಸಾಫ್ಟ್ ಶುರುವಾದದ್ದು 1996ರಲ್ಲೇ. ಮೈಸೂರು, ಮಂಗಳೂರು, ಹುಬ್ಬಳ್ಳಿಗಳಲ್ಲೂ ಕಂಪನಿಗಳಿವೆ. ಅಪ್ಪನಿಗೆ ಈ ಪುಟ ತೋರಿಸು.

ಪ್ರಶ್ನೆ: ಮಗಳಿಗೆ ಎಸ್‌ಎಸ್‌ಎಲ್‌ಸಿಯಲ್ಲಿ 62 ಪರ್ಸೆಂಟ್. ಕಂಪ್ಯೂಟರ್ ಅಂದರೆ ಪ್ರಾಣ. ಪಿಯು ಸೈನ್ಸ್ ಕಷ್ಟ ಆಗುತ್ತೆ ಅಂತ ಹೆದರಿಕೆ. ಡಿಪ್ಲೊಮಾ ಸೇರಿಸಿದರೆ ಮುಂದೆ ದಾರಿ ಮುಚ್ಚುತ್ತಾ?
(ಒಬ್ಬ ತಾಯಿ, ಶಿವಮೊಗ್ಗ)

ಉತ್ತರ: ಮುಚ್ಚಲ್ಲಮ್ಮ. ಡಿಪ್ಲೊಮಾ ಮೂರು ವರ್ಷ. ಮುಗಿಸಿ ಡಿಸಿಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆದರೆ ಬಿಇ ಎರಡನೇ ವರ್ಷಕ್ಕೆ ನೇರ ಸೇರಬಹುದು, ಅಲ್ಲಿಗೆ ಇನ್ನು ಮೂರು ವರ್ಷ. ಪಿಯು ಎರಡು, ಬಿಇ ನಾಲ್ಕು ಲೆಕ್ಕ ಹಾಕಿ, ಅದೂ ಆರೇ ವರ್ಷ. ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಫೀಸೂ ಕಡಿಮೆ, ಹದಿನಾರನೇ ವಯಸ್ಸಿಗೇ ಲ್ಯಾಬ್‌ನಲ್ಲಿ ಕೈಯಾಡಿಸಲು ಸಿಗುತ್ತದೆ. ಎಚ್ಚರ ಇರಬೇಕಾದದ್ದು ಗಣಿತದ ವಿಷಯದಲ್ಲಿ. ಪಿಯುನವರು ಓದಿರುವಷ್ಟು ಗಣಿತ ಡಿಪ್ಲೊಮಾದಲ್ಲಿ ಇರುವುದಿಲ್ಲ, ಬಿಇಗೆ ಹೋದಾಗ ಮೊದಲ ಸೆಮಿಸ್ಟರ್‌ನಲ್ಲಿ ಹೊಡೆತ ಬೀಳುತ್ತದೆ. ನನಗೂ ಬಿದ್ದಿತ್ತು. ಆಕೆ ಡಿಪ್ಲೊಮಾ ಓದುತ್ತಲೇ ಪಿಯು ಗಣಿತದ ಪುಸ್ತಕ ಇಟ್ಟುಕೊಂಡು ವಾರಕ್ಕೆ ಎರಡು ದಿನ ಮಾಡಲಿ.

ಪ್ರಶ್ನೆ: ನಾನು ಕಾಮರ್ಸ್. ನನಗೆ ಪ್ರೋಗ್ರಾಮಿಂಗ್ ಬಾಗಿಲು ಮುಚ್ಚಿದ ಹಾಗೇನಾ?
(ದ್ವಿತೀಯ ಪಿಯು, ಬೈಲಹೊಂಗಲ)

ಉತ್ತರ: ಇಲ್ಲ. ಬಿಸಿಎ ಅನ್ನುವ ಕಂಪ್ಯೂಟರ್ ಪದವಿಗೆ ಕಾಮರ್ಸ್‌ನವರನ್ನು ಬಹಳ ಕಾಲೇಜುಗಳು ತೆಗೆದುಕೊಳ್ಳುತ್ತವೆ. ಅದಲ್ಲದೆ ಐಐಟಿ ಮದ್ರಾಸ್ 2020ರಲ್ಲಿ ಡೇಟಾ ಸೈನ್ಸ್‌ನಲ್ಲಿ ಆನ್‌ಲೈನ್ ಪದವಿ ಶುರು ಮಾಡಿದೆ. ಜೆಇಇ ಪ್ರವೇಶ ಪರೀಕ್ಷೆ ಬೇಡ. ಯಾವ ವಿಭಾಗದವರೂ ಸೇರಬಹುದು, ಹತ್ತರಲ್ಲಿ ಗಣಿತ ಮತ್ತು ಇಂಗ್ಲಿಷ್ ಓದಿರಬೇಕು. ಮೊದಲು ನಾಲ್ಕು ವಾರ ಪಾಠ ಕೊಟ್ಟು ಅರ್ಹತಾ ಪರೀಕ್ಷೆ ಮಾಡುತ್ತಾರೆ, ಪಾಸಾದರೆ ಸೀಟು. ಪಾಠ ಮನೆಯಲ್ಲಿ, ಪರೀಕ್ಷೆಗಳನ್ನು ಕೇಂದ್ರಕ್ಕೆ ಹೋಗಿ ಬರೆಯಬೇಕು. ಆದಾಯ ಕಡಿಮೆ ಇರುವ ಮನೆಯವರಿಗೆ ಫೀಸಿನಲ್ಲಿ ರಿಯಾಯಿತಿ ಇದೆ. ಸುಲಭ ಅಂದುಕೊಂಡು ಹೋಗಬೇಡ, ಬಿ.ಕಾಂ. ಜೊತೆಗೆ ಅದನ್ನೂ ಮಾಡುತ್ತೇನೆ ಅಂದರೆ ಭಾನುವಾರಗಳು ಮರೆತುಹೋಗುತ್ತವೆ.

ಪ್ರಶ್ನೆ: ನಾನು ಹಾಲಿನ ಡೇರಿ ಕಾರ್ಯದರ್ಶಿ. ಮೊಮ್ಮಗಳು, ಹದಿನಾಲ್ಕು ವರ್ಷ, ನಮ್ಮ ಮನೆ ಹಾಲಿನ ಲೆಕ್ಕಕ್ಕೆ ಒಂದು ಪ್ರೋಗ್ರಾಂ ಮಾಡಿದ್ದಾಳೆ. ಬೆಳಿಗ್ಗೆ ಸಂಜೆ ಲೀಟರ್ ಹಾಕಿದರೆ ವಾರದ ದುಡ್ಡು ತೋರಿಸುತ್ತೆ. ಆದರೆ ಒಂದೊಂದು ಸಲ ಮೊತ್ತದ ಕೊನೆಗೆ ಉದ್ದಕ್ಕೆ ಸೊನ್ನೆ ಬಂದು ತುದಿಯಲ್ಲಿ ಒಂದು ಅಂಕಿ ಬರುತ್ತೆ. ಅವಳು ಅಳುತ್ತಾ ಕೂತಿದ್ದಾಳೆ. ಏನು ಹೇಳಲಿ?
(ಒಬ್ಬ ಅಜ್ಜ, ಕೆ.ಆರ್. ನಗರ ತಾಲ್ಲೂಕು)

ಉತ್ತರ: ಅವಳು ತಪ್ಪು ಮಾಡಿಲ್ಲ ಅಂತ ಮೊದಲು ಹೇಳಿ ಯಜಮಾನರೇ. ಪೈಥಾನ್‌ನಲ್ಲಿ 1.1ಕ್ಕೆ 2.2 ಕೂಡಿಸಿದರೆ 3.3000000000000003 ಅಂತ ಬರುತ್ತದೆ. ಎಲ್ಲರ ಕಂಪ್ಯೂಟರಿನಲ್ಲೂ ಹಾಗೇ. ನಾವು ಒಂದನ್ನು ಮೂರರಿಂದ ಭಾಗಿಸಿದರೆ 0.333 ಅಂತ ಮುಗಿಯದೆ ಹೋಗುತ್ತದಲ್ಲ, ಯಂತ್ರಕ್ಕೆ ಹತ್ತನೇ ಒಂದು ಭಾಗವೇ ಹಾಗೆ. ಅದು ಎರಡರ ಲೆಕ್ಕದಲ್ಲಿ ಬದುಕುವುದು, 0.1 ಅದರಲ್ಲಿ ಪೂರ್ತಿ ಕೂರುವುದಿಲ್ಲ, ಎಲ್ಲೋ ಒಂದು ಕಡೆ ಕತ್ತರಿಸಿ ಇಟ್ಟುಕೊಳ್ಳುತ್ತದೆ. ಆ ಚೂರು ಕೂಡುತ್ತಾ ಕೂಡುತ್ತಾ ಹೊರಗೆ ಕಾಣುತ್ತದೆ.

ದುಡ್ಡಿನ ಲೆಕ್ಕವನ್ನು ರೂಪಾಯಿಯಲ್ಲಿ ಇಡಬೇಡ ಅಂತ ಅವಳಿಗೆ ಹೇಳಿ, ಪೈಸೆಯಲ್ಲಿ ಇಡಲಿ. 38 ರೂಪಾಯಿ 40 ಪೈಸೆ ಅಂದರೆ 3840. ಹಾಲನ್ನೂ ಲೀಟರಿನಲ್ಲಿ ಬೇಡ, ಮಿಲಿಲೀಟರಿನಲ್ಲಿ. ಎಲ್ಲ ಪೂರ್ಣ ಸಂಖ್ಯೆ ಆದಾಗ ಚೂರಿನ ಕಾಟ ಇಲ್ಲ, ಕೊನೆಯಲ್ಲಿ ಪರದೆ ಮೇಲೆ ತೋರಿಸುವಾಗ ಮಾತ್ರ ಭಾಗಿಸಿ ರೂಪಾಯಿ ಮಾಡಲಿ. ಪೈಸೆಗಿಂತ ಕಡಿಮೆ ಉಳಿದರೆ ಮೇಲಕ್ಕೆ ಹಾಕುವುದೋ ಕೆಳಕ್ಕೆ ಬಿಡುವುದೋ, ಅದು ನಿಮ್ಮ ಡೇರಿಯ ಪುಸ್ತಕದಲ್ಲಿ ಹೇಗಿದೆಯೋ ಹಾಗೆ. ಅದನ್ನು ಅವಳಿಗೆ ನೀವೇ ಹೇಳಿಕೊಡಬೇಕು, ನನಗೆ ಬರುವುದಿಲ್ಲ. ಫ್ಯಾಟು ನೋಡಿ ದರ ಹಾಕುವ ಪಟ್ಟಿಯನ್ನೂ ಅವಳ ಮುಂದೆ ಇಡಿ, ಸರ್ಕಾರದ ಪ್ರೋತ್ಸಾಹಧನ ಬೇರೆ ಬರುವುದರಿಂದ ಅದಕ್ಕೆ ಬೇರೆ ಕಾಲಂ ಮಾಡಿಸಿ. ಆಮೇಲೆ ಒಂದು ವಾರ ನೀವು ಪುಸ್ತಕದಲ್ಲಿ ಬರೆಯಿರಿ, ಅವಳು ಪ್ರೋಗ್ರಾಂನಲ್ಲಿ ಹಾಕಲಿ, ಶನಿವಾರ ಸಂಜೆ ಇಬ್ಬರೂ ಕೂತು ತಾಳೆ ನೋಡಿ.